ಮೆಟ್ಟಿಲಲ್ಲಿ ನಿಲ್ಲುತ್ತಿದ್ದ ಝೊಹರಕ್ಕ

ಮೊನ್ನೆ ಗುರುವಾರ ಸಂಜೆ ಕೆಲಸ ಮುಗಿಸಿ ಒಮಾನಿನ ರೂವಿಯಲ್ಲಿರುವ ನಮ್ಮ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಯಾರದೋ ಅಡುಗೆಮನೆಯಿಂದ ಒಣಮೀನು ಹುರಿಯುವ ವಾಸನೆ ಬಂತು. ನಾನು ಮೀನು ತಿನ್ನುವವಳಲ್ಲ. ಮೈಸೂರಿನಿಂದ ಬಂದ ಹೊಸದರಲ್ಲಿ ಈ ವಾಸನೆಗೆ ಮೂಗು ಮುಚ್ಚಿಕೊಂಡು ಓಡಿದವಳು. ಮೊನ್ನೆ ಮಾತ್ರ ತರಕಾರಿ ಚೀಲ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಬಾಗಿಲು ತೆರೆದ ಹೆಂಗಸೊಬ್ಬಳು, ಹೊಸಬಳು, "ಕ್ಯಾ ಚಾಹಿಯೇ?" ಎಂದು ಕೇಳಿದಳು. ಏನು ಬೇಕು ಅಂತ ಹೇಳಲಿ? "ಕುಛ್ ನಹೀ" ಎಂದು ಚೀಲ ಎತ್ತಿಕೊಂಡು ನಡೆದೆ.

ನನಗೆ ನೆನಪಾದದ್ದು ಝೊಹರಕ್ಕ, ಅವರ ಅಡುಗೆಮನೆಯ ವಾಸನೆ ಇದೇ. ನಾಲ್ಕನೇ ಮಹಡಿಯಲ್ಲಿದ್ದವರು, ಸರಿಯಾಗಿ ನನ್ನ ಮನೆಯ ಮೇಲೆ. ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು, ಐವತ್ತರ ಆಸುಪಾಸು. ಗಂಡ ಇಬ್ರಾಹಿಂ ದೂರದ ದುಕ್ಮ್‌ನಲ್ಲಿ ಕಾರ್ಮಿಕರ ಕ್ಯಾಂಪಿನ ಪಕ್ಕ ಒಂದು ಅಂಗಡಿ ನಡೆಸುತ್ತಿದ್ದರು. ತಿಂಗಳಿಗೊಮ್ಮೆ ಬಂದರೆ ಬಂದರು. ಮಗಳನ್ನು ಬಂಟ್ವಾಳಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು. ಹಾಗಾಗಿ ಮೇಲೆ ಅವರೊಬ್ಬರು, ಕೆಳಗೆ ನಾನೊಬ್ಬಳು. ನಡುವೆ ಒಂದು ಸ್ಲ್ಯಾಬು.

ನನ್ನ ಕೆಲಸವನ್ನು ಊರಿನಲ್ಲಿ ಯಾರಿಗೂ ಸರಿಯಾಗಿ ವಿವರಿಸಲು ಬಂದಿಲ್ಲ. ಆಸ್ಪತ್ರೆಯಲ್ಲಿ ಜನರ ಉಸಿರು ಅಳೆಯುವುದು. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಊದಿ, ಊದಿ, ಇನ್ನೂ, ಇನ್ನೂ" ಎಂದು ದಿನವಿಡೀ ಕಿರುಚುವುದು. ಒಮಾನಿಗಳಿಗೆ "ಯಲ್ಲಾ, ಯಲ್ಲಾ", ಉಳಿದವರಿಗೆ ಹಿಂದಿ, ಮಲಯಾಳ, ಇಂಗ್ಲಿಷು. ಸಂಜೆಯ ಹೊತ್ತಿಗೆ ಗಂಟಲು ಬಿದ್ದುಹೋಗಿರುತ್ತಿತ್ತು. ಆದರೂ ಆ ಇಡೀ ದಿನದಲ್ಲಿ ನಾನು ನನ್ನ ಮಾತು ಅಂತ ಒಂದನ್ನೂ ಆಡಿರುತ್ತಿರಲಿಲ್ಲ. ಆಡಿಸುವವರೂ ಇರಲಿಲ್ಲ.

ಝೊಹರಕ್ಕನ ಹೊರತು. ನಾನು ಬರುವ ಹೊತ್ತಿಗೇ ಅವರೂ ಪೇಟೆಯಿಂದ ಬರುತ್ತಿದ್ದರು. ಲಿಫ್ಟಿಲ್ಲದ ಕಟ್ಟಡ. ಒಂದೊಂದು ತಿರುವಿನಲ್ಲೂ ಅವರು ಕಂಬಿ ಹಿಡಿದು ನಿಂತು ನನ್ನ ಕಡೆ ತಿರುಗುತ್ತಿದ್ದರು.

"ಇವತ್ತು ಎಂತ ಅಡುಗೆ ನಿಮ್ದು?"

ನಾನು ಹೇಳುತ್ತಿದ್ದೆ. ಮುಂದಿನ ತಿರುವಿನಲ್ಲಿ, "ಅಮ್ಮನಿಗೆ ಮಂಡಿನೋವು ಅಂದಿದ್ರಲ್ಲ, ಹೇಗುಂಟು?" ನಾನು ಅಮ್ಮನ ಮಂಡಿಯಿಂದ ಹಿಡಿದು ಅಣ್ಣನ ಮನೆ ರಾಜಕೀಯದವರೆಗೆ ಹೇಳುತ್ತಿದ್ದೆ. ಅದರ ಮುಂದಿನ ತಿರುವಿನಲ್ಲಿ, "ನಿಮಗೆ ನೋಡಿದ ಹುಡುಗ ಯಾಕೆ ಬೇಡ ಆಯ್ತು?" ಈ ಪ್ರಶ್ನೆಗೆ ಉತ್ತರ ಮುಗಿಯಲು ಎರಡು ವಾರದ ಮೆಟ್ಟಿಲು ಬೇಕಾದವು. ಎಷ್ಟು ಗಮನವಿಟ್ಟು ಕೇಳುತ್ತಾರೆ, ನಡುವೆ ಒಂದು ಮಾತಾಡುವುದಿಲ್ಲ ಎಂದು ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು. ಮೂರು ಮಹಡಿ ಹತ್ತಲು ಹತ್ತು ನಿಮಿಷ ಹಿಡಿಯುತ್ತಿತ್ತು. ದಿನದಲ್ಲಿ ನನ್ನವು ಅಂತ ಇದ್ದ ನಿಮಿಷಗಳು ಅವೇ.

ಒಂದು ದಿನ ಅವರು ನಮ್ಮ ಆಸ್ಪತ್ರೆಗೇ ಬಂದರು, ಕೈಯಲ್ಲಿ ಚೀಟಿ. "ದಮ್ಮು ಕಟ್ತದೆ ಅಂತ ಹೇಳಿದೆ. ಊದಲಿಕ್ಕೆ ಕಳಿಸಿದ್ರು." ನಾನು ಸಂಭ್ರಮದಿಂದ ಕೂರಿಸಿದೆ. ಕನ್ನಡದಲ್ಲಿ "ಊದಿ" ಅನ್ನುವ ಅವಕಾಶ ನನಗೆ ಸಿಗುವುದೇ ಅಪರೂಪ. ಝೊಹರಕ್ಕ ಚೆನ್ನಾಗಿ ಊದಿದರು. ಪರದೆಯ ಮೇಲೆ ಗೆರೆ ಪಾಠಪುಸ್ತಕದ ಚಿತ್ರದ ಹಾಗೆ ಎದ್ದು ಇಳಿಯಿತು.

"ನಿಮಗೇನೂ ಇಲ್ಲ ಝೊಹರಕ್ಕ. ಸ್ವಲ್ಪ ತೂಕ ಇಳಿಸಿ, ಅಷ್ಟೆ. ದಿನಾ ಇನ್ನೂ ಎರಡು ಸಲ ಜಾಸ್ತಿ ಮೆಟ್ಟಿಲು ಹತ್ತಿ."

ಹೀಗೆ ಹೇಳುವುದು ನನ್ನ ಕೆಲಸವಲ್ಲ. ಅಳೆದು ಕೊಡುವುದಷ್ಟೇ ನನ್ನದು, ಹೇಳುವುದು ಡಾಕ್ಟರದು. ಆದರೆ ನಮ್ಮವರು ಎಂಬ ಸಲಿಗೆ, ನನಗೂ ಗೊತ್ತು ಎಂಬ ಜಂಬ. ಅವರು ತಲೆಯಾಡಿಸಿದರು. ಎಲ್ಲ ಸರಿಯಿದೆ ಎಂದು ನಾನೇ ಹೇಳಿದ ಮೇಲೆ ಅವರು ಮತ್ತೆ ಡಾಕ್ಟರ ಬಳಿ ಹೋಗಲೇ ಇಲ್ಲ ಎಂಬುದು ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ. ಆ ನಾಲ್ಕು ತಿಂಗಳೂ ಅವರು ಮೆಟ್ಟಿಲು ಹತ್ತಿದರು. ನಾನು ಹೇಳಿದ್ದಕ್ಕೆ, ಎರಡು ಸಲ ಜಾಸ್ತಿ.

ಒಂದು ಶನಿವಾರ ಮೇಲಿನ ತಿರುವಿನಲ್ಲಿ ದಡ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಝೊಹರಕ್ಕ ಗೋಡೆಗೆ ಒರಗಿ ಕುಸಿದಿದ್ದರು. ಸುತ್ತ ಟೊಮೆಟೊ ಉರುಳಿತ್ತು. ತುಟಿ ನೀಲಿ. ಹೆಸರು ಹಿಡಿದು ಕೂಗಿದಾಗ ಕಣ್ಣು ಬಿಟ್ಟರು. ಪಾದ ಹಿಡಿದು ನೋಡಿದೆ. ಊದಿಕೊಂಡಿತ್ತು, ನನ್ನ ಬೆರಳಿನ ಗುಳಿ ಹಾಗೇ ಉಳಿಯಿತು. ಅಷ್ಟು ದಿನ ಜೊತೆಗೆ ಹತ್ತಿದವಳು ನಾನು, ಆ ಪಾದ ನೋಡಿರಲಿಲ್ಲ.

ಹೃದಯದ ಸ್ಕ್ಯಾನು, ಮತ್ತೆ ಒಳಗೆ ನಳಿಕೆ ಬಿಟ್ಟು ನೋಡುವ ಪರೀಕ್ಷೆ, ಎಲ್ಲ ಆಯಿತು. ಪಲ್ಮನರಿ ಹೈಪರ್‌ಟೆನ್ಷನ್ ಎಂದರು. ಶ್ವಾಸಕೋಶದೊಳಗಿನ ರಕ್ತನಾಳಗಳು ಬಿಗಿದು ಅಲ್ಲಿ ಒತ್ತಡ ಏರುವುದು. ಅದರ ವಿರುದ್ಧ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುವುದು. ಗಾಳಿ ಹೋಗಿ ಬರುವ ದಾರಿಗೆ ಏನೂ ಆಗಿರುವುದಿಲ್ಲ. ಆದ್ದರಿಂದ ಊದಿದರೆ ಗೆರೆ ಚೆನ್ನಾಗಿಯೇ ಬರುತ್ತದೆ. ಇದೆಲ್ಲ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಮಾತ್ರೆ ಶುರುಮಾಡುವ ಮೊದಲು ಆರು ನಿಮಿಷದ ನಡಿಗೆಯ ಪರೀಕ್ಷೆಗೆ ಅವರನ್ನು ನನ್ನಲ್ಲಿಗೇ ಕಳಿಸಿದರು. ಉದ್ದನೆಯ ಕಾರಿಡಾರು, ಎರಡು ಕೊನೆಗೂ ಎರಡು ಕಿತ್ತಳೆ ಬಣ್ಣದ ಶಂಕು. ರೋಗಿ ಅವುಗಳ ನಡುವೆ ತನ್ನಿಂದಾದಷ್ಟು ನಡೆಯಬೇಕು. ಎಷ್ಟು ದೂರ, ಬೆರಳಿನ ಯಂತ್ರದಲ್ಲಿ ಆಮ್ಲಜನಕ ಎಷ್ಟು ಇಳಿಯಿತು, ಬರೆಯಬೇಕು. ನಾವು ಜೊತೆಗೆ ನಡೆಯುವಂತಿಲ್ಲ. ನಡೆದರೆ ಅವರ ವೇಗ ಬದಲಾಗುತ್ತದೆ. ಹರಟುವಂತಿಲ್ಲ. ನಿಮಿಷಕ್ಕೊಮ್ಮೆ ಗೊತ್ತುಮಾಡಿದ ಒಂದೊಂದು ವಾಕ್ಯ ಹೇಳಬಹುದು, ಅಷ್ಟೆ.

ಝೊಹರಕ್ಕ ಕಪ್ಪು ಬುರ್ಖಾ ಸ್ವಲ್ಪ ಎತ್ತಿ ಹಿಡಿದು ಹೊರಟರು. "ಚೆನ್ನಾಗಿ ನಡೀತಿದ್ದೀರಿ. ಇನ್ನು ಐದು ನಿಮಿಷ ಇದೆ" ಎಂದೆ. ಮೂರನೇ ನಿಮಿಷದಲ್ಲಿ ಗೋಡೆ ಹಿಡಿದು ನಿಂತರು. ರೂಢಿ ನೋಡಿ, ನನ್ನ ಕಡೆ ತಿರುಗಿ ಕೇಳಿದರು, "ಇವತ್ತು... ಎಂತ ಅಡುಗೆ?"

ಬೆರಳಿನ ಯಂತ್ರದಲ್ಲಿ ಅಂಕಿ ಇಳಿಯುತ್ತಿತ್ತು. ನನಗೆ ಆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. "ಬೇಕಾದರೆ ನಿಂತು ಸುಧಾರಿಸಿಕೊಳ್ಳಿ. ಆದಾಗ ಮತ್ತೆ ನಡೀರಿ" ಎಂಬ ಗೊತ್ತುಮಾಡಿದ ವಾಕ್ಯ ಹೇಳಿದೆ. ನನ್ನ ದನಿ ನನಗೇ ಯಂತ್ರದ್ದು ಅನ್ನಿಸಿತು.

ಮುಗಿದ ಮೇಲೆ ಕುರ್ಚಿಯಲ್ಲಿ ಕೂರಿಸಿ ಕೇಳಿದೆ. "ಮೆಟ್ಟಿಲಲ್ಲಿ ನೀವು ನನ್ನನ್ನ ಅಷ್ಟೊಂದು ಕೇಳ್ತಿದ್ದಿದ್ದು..."

ಅವರು ನಕ್ಕರು. ಮುಚ್ಚಿಡುವ ಹೆಂಗಸಲ್ಲ. "ದಮ್ಮಿಗೆ ಮಾರಾಯ್ತಿ! ಸುಮ್ಮನೆ ನಿಂತ್ರೆ ಜನ ಎಂತ ಗ್ರಹಿಸುದು? ನಾನು ಒಂದು ಕೇಳಿದ್ರೆ ನೀವು ಹತ್ತು ಹೇಳ್ತೀರಿ. ಅಷ್ಟೊತ್ತಿಗೆ ನನ್ನ ಎದೆ ಸರಿಯಾಗ್ತದೆ."

ನಾನೂ ನಕ್ಕೆ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ತಪ್ಪು ಹೇಳಿದ್ದಕ್ಕೆ ಅತ್ತೆ ಎಂದು ಬರೆದರೆ ನೀವು ನನ್ನನ್ನು ಒಳ್ಳೆಯವಳು ಅಂದುಕೊಂಡೀರಿ. ಅದಕ್ಕೂ ಅತ್ತೆ. ಆದರೆ ಹೆಚ್ಚು ಅತ್ತದ್ದು, ನನ್ನ ಕಥೆ ಯಾರಿಗೂ ಬೇಕಾಗಿರಲಿಲ್ಲ ಎಂದು.

ಇಬ್ರಾಹಿಂ ದುಕ್ಮ್ ಅಂಗಡಿ ಬಿಟ್ಟು ಬಂದರು. "ಖಲಾಸ್. ಅವಳಿಲ್ಲದೆ ನನಗೆ ಎಂತ ಅಂಗಡಿ" ಅಂದರಂತೆ. ಅಲ್ ಅಮೇರಾತ್‌ನಲ್ಲಿ ನೆಲಮಹಡಿಯ ಮನೆ ಹಿಡಿದು ಹೆಂಡತಿಯನ್ನು ಕರೆದುಕೊಂಡು ಹೋದರು. ಮಾತ್ರೆ ಹಿಡಿಯಿತು, ಪರೀಕ್ಷೆಗೆ ಬಂದಾಗಲೆಲ್ಲ ಅವರು ಮೊದಲಿಗಿಂತ ದೂರ ನಡೆದರು. ವಾಸಿಯಾಗುವ ಕಾಯಿಲೆಯಲ್ಲ, ಆದರೆ ಗೋಡೆ ಹಿಡಿಯುವುದು ನಿಂತಿತ್ತು. ಪ್ರತಿ ಸಲವೂ "ಶುಕ್ರವಾರ ಊಟಕ್ಕೆ ಬನ್ನಿ ಮಾರಾಯ್ತಿ" ಎಂದು ಕರೆಯುತ್ತಿದ್ದರು. ಡ್ಯೂಟಿ ಇದೆ ಎನ್ನುತ್ತಿದ್ದೆ. ಒಂದು ವರ್ಷ ಶುಕ್ರವಾರಗಳಲ್ಲಿ ಮನೆಯಲ್ಲಿ ಫ್ಯಾನು ನೋಡುತ್ತ ಮಲಗಿದ್ದೆ. ಮೇಲಿನ ಮನೆಗೆ ಬೇರೆಯವರು ಬಂದರು. ಅವರ ಹೆಜ್ಜೆ ಸದ್ದೂ ಕೇಳಿಸುವುದಿಲ್ಲ.

ಮೊನ್ನೆ ಆ ವಾಸನೆಯ ಮರುದಿನ, ಶುಕ್ರವಾರ, ಏನೂ ಹೇಳದೆ ಅಮೇರಾತ್‌ಗೆ ಹೋದೆ. ಝೊಹರಕ್ಕ ಬಾಗಿಲಲ್ಲೇ ಕೈ ಹಿಡಿದರು. ನನಗೆಂದು ಒಂದು ಬದನೆಕಾಯಿ ಪಲ್ಯ ಮಾಡಿಸಿದರು, ಮಾಡಿದ್ದು ಇಬ್ರಾಹಿಂ. ಊಟವಾದ ಮೇಲೆ ಇಬ್ರಾಹಿಂ ಮಲಗಲು ಹೋದರು. ನಾವಿಬ್ಬರೇ ಕಿಟಕಿಯ ಪಕ್ಕ ಕೂತೆವು. ಹೊರಗೆ ಬೋಳು ಗುಡ್ಡ, ಬಿಸಿಲು.

ಆಗ ನನಗೊಂದು ಹೊಳೆಯಿತು, ನಾಚಿಕೆಯೂ ಆಯಿತು. ಈ ಹೆಂಗಸಿಗೆ ನನ್ನ ಅಣ್ಣನ ಹೆಂಡತಿಯ ತವರಿನವರೆಗೆ ಗೊತ್ತು. ನನಗೆ ಇವರ ಅಮ್ಮನ ಹೆಸರೂ ಗೊತ್ತಿಲ್ಲ. ಎರಡು ವರ್ಷ ಮೆಟ್ಟಿಲು ಹತ್ತಿ ನಾನು ಇವರನ್ನು ಒಂದೇ ಒಂದು ಮಾತು ಕೇಳಿರಲಿಲ್ಲ.

"ಝೊಹರಕ್ಕ, ನೀವು ಮೊದಲ ಸಲ ಈ ದೇಶಕ್ಕೆ ಬಂದಾಗ ಹೇಗಿತ್ತು?"

ಅವರು ನನ್ನನ್ನು ನೋಡಿದರು. "ಅದನ್ನು ಯಾರೂ ಕೇಳ್ಲೇ ಇಲ್ಲ ಮಾರಾಯ್ತಿ" ಎಂದು ಶುರುಮಾಡಿದರು. ಆಗ ವಯಸ್ಸು ಹತ್ತೊಂಬತ್ತು, ಮದುವೆಯಾಗಿ ಎರಡು ತಿಂಗಳು, ವಿಮಾನದಲ್ಲಿ ವಾಂತಿ. ಇಳಿದಾಗ ಮೈಗೆ ಬಡಿದ ಸೆಕೆ. ಗಂಡ ಕೆಲಸಕ್ಕೆ ಹೋದರೆ ಸಂಜೆವರೆಗೆ ಒಳಗಿಂದ ಚಿಲಕ. ಮೂರು ವಾಕ್ಯಕ್ಕೊಮ್ಮೆ ನಿಲ್ಲುತ್ತಿದ್ದರು. ಎದೆ ಏರಿ ಇಳಿಯುತ್ತಿತ್ತು.

ಆ ಸುಮ್ಮನಿರುವ ಹೊತ್ತನ್ನು ತುಂಬಲು ನನ್ನ ಬಾಯಿಗೆ ನನ್ನದೇ ಒಂದು ಕಥೆ ಬಂತು. ನುಂಗಿಕೊಂಡೆ. ಅವರು ಉಸಿರು ತೆಗೆದುಕೊಂಡರು. ಅವಸರವಿರಲಿಲ್ಲ. ನಾನು ಕಾದೆ.