ಹುಡುಗರ ಕಡೆಯ ಪ್ಲಗ್ ಪಾಯಿಂಟು

ನಮ್ಮ ತರಗತಿಯಲ್ಲಿ ಪ್ಲಗ್ ಪಾಯಿಂಟ್ ಇದ್ದದ್ದು ಒಂದೇ, ಅದೂ ಹುಡುಗರ ಕಡೆಯ ಗೋಡೆಯಲ್ಲಿ. ಕೋಲಾರದ ಆ ಕಾಲೇಜನ್ನು ಕಟ್ಟಿಸಿದವರು ಹುಡುಗಿಯರ ಮೇಲಿನ ಸಿಟ್ಟಿಗೆ ಹಾಗೆ ಮಾಡಿದರೆಂದು ನಾನು ವಾದಿಸುವುದಿಲ್ಲ. ಪುರಾವೆ ಇಲ್ಲದ ವಾದ ನನಗಾಗದು. ಬಾಗಿಲಲ್ಲಿ ನಿಂತು ನೋಡಿದರೆ ಎಡಕ್ಕೆ ಹುಡುಗಿಯರು, ಬಲಕ್ಕೆ ಹುಡುಗರು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಹೀಗೇ ಕೂರಬೇಕೆಂದು ಯಾವ ನೋಟೀಸ್ ಬೋರ್ಡಿನಲ್ಲೂ ಹಾಕಿರಲಿಲ್ಲ. ಹಾಕಿದ್ದರೆ ಪ್ರಶ್ನಿಸಬಹುದಿತ್ತು. ಬರೆಯದ ನಿಯಮದ ಜೊತೆ ಜಗಳ ಆಡುವುದು ಹೇಗೆ?

ನಾನಾಗ ಬಿ.ಕಾಂ. ಎರಡನೇ ವರ್ಷ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಊರಲ್ಲೂ ಕಾಲೇಜಿತ್ತು, ಆದರೆ ಅಲ್ಲಿ ಡಿಬೇಟ್ ತಂಡ ಇರಲಿಲ್ಲ. ಅಂಗಡಿಗಳ ಲೆಕ್ಕ ಬರೆಯುವ ಅಪ್ಪ ನನ್ನನ್ನು ಕೋಲಾರಕ್ಕೆ ಕಳಿಸಲು ಒಂದೇ ಷರತ್ತು ಹಾಕಿದ್ದರು. "ಕಾಲೇಜಿಂದ ಒಂದು ಮಾತು ಬಂದ್ರೂ ಮಾರನೇ ದಿನದಿಂದ ಇಲ್ಲೇ ಓದೋದು." ಅಪ್ಪ ಒಂದು ಮಾತನ್ನು ಎರಡು ಸಲ ಹೇಳುವವರಲ್ಲ.

ನಮ್ಮ ಆಡಿಟಿಂಗ್ ಸರ್ ಮಾತ್ರ ಎಲ್ಲವನ್ನೂ ಎರಡು ಸಲ ಹೇಳುತ್ತಿದ್ದರು. ಪಾಠವೆಂದರೆ ಅವರ ಲೆಕ್ಕದಲ್ಲಿ ನೋಟ್ಸ್ ಬರೆಸುವುದು. ನಡುವಿನ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾ, ಕಾಮಾ, ಫುಲ್‌ಸ್ಟಾಪು ಸಮೇತ ಹೇಳುವರು. ನಾವು ತಲೆ ಬಗ್ಗಿಸಿ ಬರೆಯುವುದು. ಕೊನೆಯ ಫುಲ್‌ಸ್ಟಾಪಿಗೂ ಬೆಲ್ಲಿಗೂ ಸರಿಹೋಗುತ್ತಿತ್ತು. "ಡೌಟ್ಸ್ ಇದ್ರೆ ಆಮೇಲೆ ಬನ್ನಿ." ಆಮೇಲೆ ಎನ್ನುವ ಪೀರಿಯಡ್ ನಮ್ಮ ಟೈಮ್ ಟೇಬಲ್ಲಿನಲ್ಲಿ ಇರಲಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪ್ರಶ್ನೆಗಳು ಗಂಟಲಿನವರೆಗೆ ಬರುತ್ತಿದ್ದವು, ಕೈ ಮಾತ್ರ ಕಾಮಾ ಹಾಕುತ್ತಿತ್ತು.

ಅಷ್ಟರಲ್ಲಿ ಚಿಕ್ಕಪ್ಪನ ಆಫೀಸಿನವರು ಬೇಡವೆಂದು ಬಿಟ್ಟ ಒಂದು ಲ್ಯಾಪ್‌ಟಾಪು ನನ್ನ ಪಾಲಿಗೆ ಬಂತು. ಹೆಗಲಿಗೆ ಹಾಕಿಕೊಂಡರೆ ಒಂದು ಕಡೆಗೆ ವಾಲಿ ನಡೆಯಬೇಕು, ಅಷ್ಟು ಭಾರ. ಬ್ಯಾಟರಿ ಸತ್ತಿತ್ತು, ವೈರು ಕಿತ್ತ ಕೂಡಲೇ ಪರದೆ ಕಪ್ಪಾಗುತ್ತಿತ್ತು. ಆದರೆ ನಾನು ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್ ಪಾಸು ಮಾಡಿದವಳು. ನನ್ನ ವಾದ ಸರಳವಾಗಿತ್ತು. ನಾನೊಬ್ಬಳು ಟೈಪ್ ಮಾಡುತ್ತೇನೆ, ಉಳಿದವರು ಜೆರಾಕ್ಸ್ ಮಾಡಿಕೊಳ್ಳಲಿ. ಸರ್ ಒಂದೇ ಸಲ ಹೇಳಿದರೆ ಸಾಕು. ಮಿಕ್ಕ ಹೊತ್ತು ಪ್ರಶ್ನೆ ಕೇಳೋಣ. ಇದರಲ್ಲಿ ತಪ್ಪು ಹುಡುಕಿ ನೋಡೋಣ.

ತಪ್ಪು ಗೋಡೆಯಲ್ಲಿತ್ತು. ಮೊದಲ ದಿನ ನಾನು ಹೋಗಿ ಪ್ಲಗ್ಗಿನ ಪಕ್ಕದ ಬೆಂಚಿನಲ್ಲಿ ಕೂತಾಗ, ಅಲ್ಲಿದ್ದ ಮೂವರು ಹುಡುಗರು ಬೆಂಚು ಕಾದು ಸುಡುತ್ತಿದೆಯೇನೋ ಎಂಬಂತೆ ಎದ್ದು ಹಿಂದಕ್ಕೆ ಹೋದರು. ಸರ್ ವಾಕ್ಯದ ಮಧ್ಯೆ ನಿಂತರು.

"ಏನಮ್ಮಾ, ದಾರಿ ತಪ್ತಾ?"

"ಇಲ್ಲ ಸರ್. ಕರೆಂಟು ಇಲ್ಲಿದೆ."

ತರಗತಿ ನಕ್ಕಿತು. ಸರ್ ನಗಲಿಲ್ಲ. ಆ ವಾಕ್ಯವನ್ನು ಮೊದಲಿನಿಂದ ಹೇಳಿದರು, ಎರಡು ಸಲ.

ಅಂದಿನಿಂದ ನನ್ನದು ಒಂದು ದ್ವೀಪ. ಆ ಬೆಂಚಿನಲ್ಲಿ ನಾನೊಬ್ಬಳೇ. ಹಿಂದೆ ಹುಡುಗರು ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಂತೆ ಒತ್ತಿಕೊಂಡು ಬರೆಯುತ್ತಿದ್ದರು. ಎಕ್ಸ್‌ಟೆನ್ಷನ್ ಬಾಕ್ಸ್ ತಂದು ವೈರನ್ನು ನಮ್ಮ ಕಡೆಗೆ ಎಳೆಯಲು ನೋಡಿದೆ. ಸರ್ ಓಡಾಡುವ ದಾರಿ, ಕಾಲಿಗೆ ಸಿಗುತ್ತದೆ ಎಂದು ತೆಗೆಸಿದರು. ಸರಿ, ಹುಡುಗಿಯರೇ ಬಲಗಡೆಗೆ ಬರೋಣ, ಹುಡುಗರು ಎಡಗಡೆಗೆ ಹೋಗಲಿ ಎಂದು ಗೆಳತಿಯರ ಮುಂದಿಟ್ಟೆ.

"ಹೋಗೇ ಸಾಕು," ಎಂದಳು ಒಬ್ಬಳು. "ಓಡೋ ಫ್ಯಾನ್ ಇರೋದೊಂದು, ಅದು ನಮ್ ಕಡೆ ಇದೆ. ನಿನ್ ಮೆಷಿನ್ನು ಕರೆಂಟ್ ಕುಡಿಯಕ್ಕೆ ನಾವೆಲ್ಲ ಬೇಯ್ಬೇಕಾ?"

ಡಿಬೇಟಿನಲ್ಲಿ ನಾನು ತೀರ್ಪುಗಾರಳಾಗಿದ್ದರೆ ಅವಳಿಗೇ ಅಂಕ ಕೊಡುತ್ತಿದ್ದೆ.

ಆದರೂ ಬಿಡಲಿಲ್ಲ. ದಿನದ ಪಾಠದ ಪ್ರಿಂಟ್ ತೆಗೆಸಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬಸ್ಸು ಹತ್ತುತ್ತಿದ್ದೆ, ಬೇಕಾದವರು ತೆಗೆದುಕೊಳ್ಳಲಿ ಎಂದು. ಯಾರು ತೆಗೆದುಕೊಂಡರೋ ನನಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾದದ್ದು ಒಂದೇ: ನಾನು ಹುಡುಗರ ಕಡೆ ಕೂರುತ್ತೇನೆಂದು ಪ್ರಿನ್ಸಿಪಾಲರು ಮನೆಗೆ ಫೋನ್ ಮಾಡಿದರು. ಒಂದು ಮಾತು ಬಂದೇಬಿಟ್ಟಿತ್ತು.

ಮಾರನೇ ಬೆಳಿಗ್ಗೆ ಅಪ್ಪ ನನ್ನ ಜೊತೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ವಾದಗಳನ್ನು ಜೋಡಿಸಿಕೊಂಡೆ. ಬರೆಯದ ನಿಯಮ ನಿಯಮವೇ ಅಲ್ಲ. ಕರೆಂಟಿಗೆ ಗಂಡು ಹೆಣ್ಣಿಲ್ಲ. ಪಕ್ಕದಲ್ಲಿ ಹುಡುಗಿ ಕೂತರೆ ಕೆಟ್ಟುಹೋಗುವ ಪಾಠ ಮೊದಲೇ ಕೆಟ್ಟಿರಬೇಕು. ಕೋಲಾರ ಹತ್ತಿರ ಬಂದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದರು.

"ಪಕ್ಕದಲ್ಲಿ ಯಾರು ಕೂರ್ತಾರೆ?"

"ಯಾರೂ ಇಲ್ಲಪ್ಪ."

ಅವರು ಕಿಟಕಿಯ ಆಚೆ ನೋಡಿದರು. ಆ ಉತ್ತರ ನನ್ನ ಪರವಾಗಿತ್ತೋ ವಿರುದ್ಧವಾಗಿತ್ತೋ ತಿಳಿಯಲಿಲ್ಲ.

ಪ್ರಿನ್ಸಿಪಾಲರು ಅಪ್ಪನನ್ನು ನೇರವಾಗಿ ತರಗತಿಗೇ ಕರೆತಂದರು. ಸರ್ ಪುಸ್ತಕ ಮಡಚಿ ನಿಂತರು. ಎಲ್ಲರೂ ಎದ್ದು ನಿಂತರು. ಅಪ್ಪ ಪ್ಲಗ್ಗನ್ನು ನೋಡಿದರು, ಖಾಲಿ ಬೆಂಚನ್ನು ನೋಡಿದರು.

"ನಾನು ಇವ್ಳಿಗೆ ಮೊದ್ಲೇ ಹೇಳಿದ್ದೆ ಸಾರ್," ಎಂದರು. "ಒಂದು ಮಾತು ಬಂದ್ರೆ ಟಿ.ಸಿ. ತಗೊಂಡು ಹೋಗ್ತೀನಿ ಅಂತ. ಇವತ್ತೇ ಕೊಟ್ಬಿಡಿ."

ಆಗ ಹಿಂದಿನಿಂದ ಒಂದು ಧ್ವನಿ.

"ಸಾರ್, ಅಕ್ಕ ಕೂತ್ಕೊಳ್ಳಿ ಬಿಡಿ ಸಾರ್. ನಮ್ಗೇನೂ ತೊಂದ್ರೆ ಇಲ್ಲ."

ನಾನು ಎಬ್ಬಿಸಿದ್ದ ಮೂವರಲ್ಲಿ ಒಬ್ಬ, ಬೈರಕೂರಿನ ಕಡೆಯವನು. ಅಲ್ಲಿಯವರೆಗೆ ನನ್ನೊಂದಿಗೆ ಒಂದು ಮಾತೂ ಆಡಿದವನಲ್ಲ. ಪಿಯುಸಿಯಲ್ಲಿ ಒಂದು ವರ್ಷ ಹೋಗಿತ್ತು, ಹಾಗಾಗಿ ನನಗಿಂತ ದೊಡ್ಡವನು.

"ಅಕ್ಕ ಟೈಪ್ ಮಾಡಿದ್ದನ್ನೇ ನಾವು ಜೆರಾಕ್ಸ್ ಮಾಡ್ಕೊಂಡು ಓದ್ತಾ ಇರೋದು," ಎಂದು ಸೇರಿಸಿದ.

ಒಂದು ಪದ ಅಷ್ಟು ಕೆಲಸ ಮಾಡುವುದನ್ನು ನಾನು ಯಾವ ವೇದಿಕೆಯ ಮೇಲೂ ನೋಡಿರಲಿಲ್ಲ. ಅಪ್ಪನ ಭುಜ ಇಳಿಯಿತು. ಪ್ರಿನ್ಸಿಪಾಲರು, "ಅಕ್ಕ ತಮ್ಮ ಇದ್ದಂಗೆ ಇದ್ರೆ ಆಯ್ತಪ್ಪ, ನಮಗೇನು," ಎಂದರು. ಸರ್ ಕನ್ನಡಕ ಒರೆಸಿಕೊಂಡರು. ನಾನು ಬಾಯಿ ತೆರೆದೆ. ನಾನು ಇವನ ಅಕ್ಕ ಅಲ್ಲ, ಯಾರ ಅಕ್ಕ ಆಗದಿದ್ದರೂ ಇಲ್ಲಿ ಕೂರಬಹುದು, ವಾದ ಇರುವುದೇ ಅಲ್ಲಿ ಎಂದು ಹೇಳಬೇಕಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ. ಅಪ್ಪ ಟಿ.ಸಿ. ಇಲ್ಲದೆ ಬಸ್ ಸ್ಟ್ಯಾಂಡಿಗೆ ಹೋದರು.

ಆ ಪೀರಿಯಡ್ಡಿನಲ್ಲೇ ಮೂವರೂ ತಮ್ಮ ಬೆಂಚಿಗೆ ಮರಳಿದರು. ಅವನು ನನ್ನಿಂದ ಬ್ಯಾಗು ಇಡುವಷ್ಟು ಜಾಗ ಬಿಟ್ಟು ಕೂತ. "ಅಕ್ಕಾ, ವೈರು ಒಸಿ ಆ ಕಡೆ. ಕಾಲಿಗೆ ಸಿಕ್ಕೊಂತೈತೆ." ಎಡಗಡೆಯಿಂದ ಗೆಳತಿಯೊಬ್ಬಳು "ಏನಕ್ಕಾ, ಚೆನ್ನಾಗಿದೀರಾ?" ಎಂದು ಕಿಚಾಯಿಸಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೆದ್ದವಳು ನಾನು, ನನ್ನ ವಾದ ಮಾತ್ರ ಗೆದ್ದಿರಲಿಲ್ಲ.

ಸರ್ ಬರೆಸಲು ಶುರು ಮಾಡಿದ್ದರು. ನಾನು ಟೈಪ್ ಮಾಡುತ್ತಲೇ ಪಿಸುಗುಟ್ಟಿದೆ. "ನಾನು ನಿನಗಿಂತ ಚಿಕ್ಕೋಳು. ಅಕ್ಕ ಹೇಗಾದೆ?"

"ಇನ್ನೇನಂತ ಕರೀಲಿ?" ಎಂದ, ತಲೆಯೆತ್ತದೆ. "ಹೆಸರಿಡಿದು ಕರೆದಿದ್ರೆ ನಿಮ್ಮಪ್ಪ ಈಗ ನಿನ್ನೂ ಕರ್ಕೊಂಡು ಬಸ್ಸಲ್ಲಿರೋರು. ನಮಗೆ ಜೆರಾಕ್ಸ್ ಯಾರು ಕೊಡ್ತಿದ್ರು?"

ಅಂದರೆ ಈ ಅಕ್ಕ ಎನ್ನುವುದನ್ನು ಅವನೂ ನಂಬಿರಲಿಲ್ಲ. ಇದಕ್ಕೊಂದು ಪ್ರತಿವಾದ ಇರಲೇಬೇಕು ಎಂದು ಹುಡುಕಿದೆ. ನನಗೆ ನಿಯಮ ಮುರಿಯಬೇಕಿತ್ತು; ಅವನು ಅದರಲ್ಲೊಂದು ಸಂದು ನೋಡಿ ನನ್ನನ್ನು ಒಳಗೆ ತೂರಿಸಿದ್ದ. ಹಾಗಾದರೆ ನಿಯಮ ಇನ್ನೂ ಅಲ್ಲೇ ಇತ್ತಲ್ಲ? ನಾಳೆ ಅಕ್ಕ ಎನಿಸಿಕೊಳ್ಳಲು ಒಪ್ಪದ ಹುಡುಗಿ ಬಂದರೆ ಅವಳೆಲ್ಲಿ ಕೂರಬೇಕು?

ಉತ್ತರ ಕಟ್ಟಿಕೊಂಡು ಅವನ ಕಡೆ ತಿರುಗುವಷ್ಟರಲ್ಲಿ ಸರ್ ಎರಡು ವಾಕ್ಯ ಮುಂದೆ ಹೋಗಿದ್ದರು. ನನ್ನ ಬೆರಳುಗಳು ಯಾವಾಗ ನಿಂತಿದ್ದವೋ, ಪರದೆಯ ಮೇಲೆ ಅರ್ಧ ಸಾಲು ಹಾಗೇ ಇತ್ತು.

ಅವನು ಬರೆಯುತ್ತಲೇ ತನ್ನ ನೋಟ್ಸನ್ನು ಬೆಂಚಿನ ನಡುವಿಗೆ ಸರಿಸಿದ. ಮೊದಲು ಬಿಟ್ಟುಹೋದ ಸಾಲನ್ನು ತುಂಬಿಸಿದೆ. ವಾದ ಬೆಲ್ ಹೊಡೆಯುವವರೆಗೆ ಕಾಯಬೇಕಾಯಿತು.