ಕ್ಯಾಸಲ್‌ರಾಕ್‌ಗೆ ಹಾಕಿದರೆ

ವಿದ್ಯಾವತಿ ಹನ್ನೊಂದು ವರ್ಷದಿಂದ ಘಟ್ಟದ ಕಾಡಿನ ನಡುವಿನ ಪುಟ್ಟ ಊರು ಕ್ಯಾಸಲ್‌ರಾಕ್‌ನಲ್ಲಿ ತಲಾಠಿ, ಅಂದರೆ ಗ್ರಾಮ ಲೆಕ್ಕಾಧಿಕಾರಿ. ಸಿಟ್ಟಿನ ಹೆಂಗಸು, ಒಂಟಿ ಜೀವ. ತಿಂಗಳಿಗೊಂದು ಭಾನುವಾರ ಬಸ್ಸು ಹಿಡಿದು ಹಳಿಯಾಳಕ್ಕೆ ಬರುತ್ತಾಳೆ. ತಾನು ಓದಿದ ಕಾಲೇಜಿನಲ್ಲಿ, ಸರಕಾರಿ ಸೇವೆಗೆ ಸೇರಬಯಸುವ ವಿದ್ಯಾರ್ಥಿಗಳಿಗೆ ಅಣಕು ಸಂದರ್ಶನ ಮಾಡುತ್ತಾಳೆ. ಕಡೆಯ ಪ್ರಶ್ನೆ ಯಾವಾಗಲೂ ಒಂದೇ: "ಕ್ಯಾಸಲ್‌ರಾಕ್‌ಗೆ ಹಾಕಿದ್ರ ಹೋಗ್ತೀರೇನು?"

"ಎಲ್ಲಿ ಹಾಕಿದ್ರೂ ಹೋಗ್ತೇನ್ರಿ" ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಮುಂಡಗೋಡದ ದಾನೇಶ್ವರಿ ಮಾತ್ರ, "ಇಲ್ರಿ ಅಕ್ಕಾರ, ಒಬ್ಬಾಕಿನ ಇರಾಕ ಅಂಜಿಕಿ ಬರ್ತೈತಿ" ಎಂದಳು.

"ಹಿಂಗಂದ್ರ ಮನಿಗೆ ಕಳಸ್ತಾರ!" ವಿದ್ಯಾವತಿ ರೇಗಿದಳು. ಸರಿಯಾದ ಉತ್ತರವನ್ನು ಮೂರು ಸಲ ಹೇಳಿಸಿದಳು. ಹೇಳಿ ಮುಗಿಸಿದ ಹುಡುಗಿ ಮೆಲ್ಲಗೆ ಕೇಳಿದಳು: "ಅಲ್ಲೆ ಸಂಜೀಮುಂದ ನೀವೇನ್ ಮಾಡ್ತೀರ್ರಿ?"

ಹನ್ನೊಂದು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಘಾಟ ಏರೂ ಗೂಡ್ಸ್ ರೈಲಿನ ಡಬ್ಬಿ ಎಣಸ್ತೇನಿ" ಎಂದಳು ವಿದ್ಯಾವತಿ. ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿತು. ಅವತ್ತು ಉಳಿದವರನ್ನೆಲ್ಲ ಸುಮ್ಮಸುಮ್ಮನೆ ಬೈದಳು.

ಮುಂದಿನ ತಿಂಗಳು ಮತ್ತೆ ದಾನೇಶ್ವರಿಯ ಸರದಿ ಬಂತು. ಮತ್ತೆ ಅದೇ ಕಡೆಯ ಪ್ರಶ್ನೆ. ಹುಡುಗಿ ಕಲಿಸಿದ್ದನ್ನು ಬಿಟ್ಟು ಬೇರೆಯೇ ಹೇಳಿದಳು.

"ಹೋಗ್ತೇನ್ರಿ. ಅಲ್ಲೆ ನಮ್ಮವರೊಬ್ಬರು ಅದಾರ್ರಿ."