ಅಕ್ಕ ಕೇಳಿದ ಉದ್ದ ಲೆನ್ಸು

ಭಾವನ ಮೇಲಿನ ಸಿಟ್ಟು ಅವನಿಗೆ ಇವತ್ತಿಗೂ ಇಳಿದಿಲ್ಲ. ‘ನಿಮ್ಮಕ್ಕನ ಕಣ್ಣು ಹೋಗ್ತಾ ಇದೆ ಕಣಪ್ಪ’ ಅಂತ ಒಂದು ಮಾತು ಕಿವಿಗೆ ಹಾಕಿದ್ದರೆ ಭಾವನ ಗಂಟೇನು ಹೋಗುತ್ತಿತ್ತು? ಹಾಕಲಿಲ್ಲ. ಭಾವ ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವರು. ಗೇಟು ತೆಗೆಯುವುದು, ಮುಚ್ಚಳ ಎತ್ತುವುದು, ಅಂಕಿ ಬರೆದುಕೊಳ್ಳುವುದು, ಯಾರ ಜೊತೆಗೂ ತುಟಿ ಬಿಚ್ಚದೆ ಬಂದ ದಾರಿ ಹಿಡಿಯುವುದು. ಅದೇ ಅಭ್ಯಾಸವನ್ನು ಮನೆಯ ಸುದ್ದಿಗೂ ತಂದರು ಎನ್ನುವುದು ಅವನ ದೂರು.

ಹೇಳದಿರಲು ಕಾರಣ ಇತ್ತು. ಕಾರಣ ಅವನೇ.

ಅವನು ಕ್ಯಾಮೆರಾ ಲೆನ್ಸು ರಿಪೇರಿ ಮಾಡುವವನು. ಬೀದಿಯವರು ಅವನಿಗೆ ಇಟ್ಟ ಹೆಸರು ಬೆಂಕಿಪೊಟ್ಟಣ. ಗೀರುವ ಮೊದಲೇ ಹೊತ್ತಿಕೊಳ್ಳುತ್ತಾನೆ ಎಂದು. ಹಿಂದೊಮ್ಮೆ ಅಕ್ಕನ ಬೆರಳಿಗೆ ಹೊಲಿಗೆ ಯಂತ್ರದ ಸೂಜಿ ಹೊಕ್ಕಾಗ, ಕಾಯಿಸಿದರು ಎಂದು ದವಾಖಾನೆಯ ಮೇಜನ್ನೇ ಎತ್ತಿ ಹಾಕಿದ್ದ. ಬೆರಳು ವಾಸಿಯಾಯಿತು, ಆ ದವಾಖಾನೆಯ ಬಾಗಿಲು ಮಾತ್ರ ಅವರ ಮನೆಯವರಿಗೆ ಮುಚ್ಚಿಹೋಯಿತು. ಹಾಗಾಗಿ ಕಣ್ಣಿನ ಡಾಕ್ಟರ ಕೋಣೆಯಿಂದ ಹೊರಗೆ ಬರುತ್ತಲೇ ಅಕ್ಕ ಗಂಡನಿಗೆ ಹೇಳಿದ್ದಳು: “ನನ್ನ ತಮ್ಮನಿಗೆ ಹೇಳಬೇಡಿ. ಡಾಕ್ಟರ ಕಾಲರ್ ಹಿಡೀತಾನೆ. ಕಣ್ಣಂತೂ ಹೋಗುತ್ತೆ, ಮರ್ಯಾದೆನೂ ಯಾಕೆ ಕಳ್ಕೊಳ್ಳೋದು?”

ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ, ಔಷಧಿಯಿಂದ ನಿಲ್ಲುವುದಿಲ್ಲ ಎಂದಿದ್ದರು ಡಾಕ್ಟರು. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಅಳಿಸಿಹೋಗುತ್ತದೆ. ಇನ್ನೊಂದು ವರ್ಷಕ್ಕೆ ಮುಖಗಳು ಗುರುತು ಸಿಗುವುದು ಕಷ್ಟ. ಅಷ್ಟರೊಳಗೆ ನೋಡಬೇಕಾದ್ದನ್ನು ನೋಡಿಬಿಡಿ ಎಂದಿದ್ದರು.

ಅಕ್ಕ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಅವಳಿಗೆ ನೋಡಬೇಕಾದ್ದು ಒಂದೇ ಇತ್ತು. ಯಂತ್ರದ ಎದುರಿನ ಗೋಡೆಗೆ, ಯಾವುದೋ ಬಣ್ಣದ ಕಂಪನಿಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರವೊಂದನ್ನು ಇಪ್ಪತ್ತು ವರ್ಷದ ಹಿಂದೆ ಅಂಟಿಸಿದ್ದಳು. ದೂರದೇಶದ ಸಮುದ್ರ, ನೀರಿನಿಂದ ನೆಟ್ಟಗೆ ಎದ್ದ ಕಪ್ಪು ಬಂಡೆ, ಬಂಡೆಯ ಸಂದುಗೊಂದುಗಳ ತುಂಬ ಬಿಳಿ ಹಕ್ಕಿಗಳು, ಶಾಲೆಯ ಮೈದಾನದಲ್ಲಿ ಸಾಲು ನಿಂತ ಮಕ್ಕಳ ಹಾಗೆ. “ಇಷ್ಟು ಜನ ಕೂತಿದ್ದಾರೆ, ಒಬ್ಬರ ಮುಖಾನೂ ಕಾಣಲ್ಲ ನೋಡು” ಅನ್ನುವಳು, ದಾರ ಕಡಿಯುತ್ತ. ಭಾವ ನಿವೃತ್ತರಾದ ವರ್ಷ ಇಬ್ಬರಿಗೂ ಆ ಕಡೆಯ ಎಂಟು ದಿನದ ಪ್ರವಾಸ ಗೊತ್ತು ಮಾಡಿದರು. ದೋಣಿ ಬಂಡೆಯ ಹತ್ತಿರ ಹೋಗುವುದಿಲ್ಲ, ಹಕ್ಕಿಗಳು ಬೆದರುತ್ತವೆ ಎಂದು ದೂರದಲ್ಲೇ ಸುತ್ತು ಹಾಕಿಸಿ ತಿರುಗಿಸುತ್ತಾರೆ. ಅಕ್ಕನ ಲೆಕ್ಕಾಚಾರ ಸರಳವಾಗಿತ್ತು: ಉದ್ದ ಲೆನ್ಸಿನಲ್ಲಿ ಹಕ್ಕಿಗಳ ಮುಖ ಹಿಡಿದು ತರುವುದು, ಮನೆಯ ಟಿವಿಯಲ್ಲಿ ದೊಡ್ಡದು ಮಾಡಿ ಹಾಕಿಕೊಳ್ಳುವುದು, ಹತ್ತಿರ ಕೂತು ಕಣ್ಣಿನ ಅಂಚಿನಿಂದ ಸಾವಕಾಶವಾಗಿ ನೋಡುವುದು. ಕಣ್ಣು ಪೂರ್ತಿ ಕೈಕೊಡುವ ಮೊದಲು ಅಷ್ಟು ಸಿಕ್ಕರೆ ಸಾಕು.

ಇದೆಲ್ಲ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು, ಅಕ್ಕ ಭಾವ ಮಜಾ ಮಾಡಲು ಹೊರಟಿದ್ದಾರೆ ಎನ್ನುವುದಷ್ಟೇ.

ಮೆಟ್ಟಿಲ ಕೆಳಗಿನ ಓರೆ ಜಾಗವೇ ಅವನ ಅಂಗಡಿ. ಎದ್ದು ನಿಂತರೆ ತಲೆ ಬಡಿಯುತ್ತದೆ; ಗಿರಾಕಿಗೆ ಬೈಯುವಾಗಲೂ ಅವನು ಕೂತೇ ಬೈಯುವುದು ಅದಕ್ಕೇ. ಮೇಜಿನ ಮೇಲೆ ರಬ್ಬರ್ ಹಾಸು, ಸ್ಪಿರಿಟ್ ಬಾಟಲಿ, ಧೂಳು ಊದುವ ರಬ್ಬರ್ ಬುರುಡೆ, ಒಂದೊಂದು ಮುಚ್ಚಳದಲ್ಲಿ ಒಂದೊಂದು ಲೆನ್ಸಿನ ತಿರುಪುಗಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಆದರೆ ಲೆನ್ಸಿನ ಬೆನ್ನಿಗೆ ಟಾರ್ಚು ಹಿಡಿದು, ಒಳಗಿನ ಗಾಜಿಗೆ ಹತ್ತಿದ ಜೇಡನ ಎಳೆಯಂಥ ಬೂಷ್ಟನ್ನು ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ. ಮೇಲಿನ ಹಲಗೆಯ ಮೇಲೆ ಅವನ ಪ್ರಾಣ ಇತ್ತು: ಮೊಳಕೈಯಷ್ಟು ಉದ್ದದ ಒಂದು ಲೆನ್ಸು. ಗುಜರಿಗೆ ಹೋಗಿದ್ದನ್ನು ತಂದು, ಐದು ತಿಂಗಳು ಕೂತು ಜೀವ ಬರಿಸಿದ್ದು.

“ಲೋ, ಆ ದೊಡ್ಡದು ಕೊಡೋ. ಎಂಟೇ ದಿನ” ಎಂದಳು ಅಕ್ಕ, ಸ್ಟೂಲಿನ ಮೇಲೆ ಕೂರುತ್ತ.

“ಅದನ್ನ ನನ್ನ ಹೆಂಡತಿಗೂ ಮುಟ್ಟೋಕೆ ಬಿಡಲ್ಲ ನಾನು.”

“ನಿನ್ನ ಹೆಂಡತಿಗೆ ಬುದ್ಧಿ ಇದೆ, ಮುಟ್ಟಲ್ಲ. ನನಗಿಲ್ಲ, ಕೊಡು.”

ಅವನಿಗೆ ನಗು ಬಂತು. ಕೈ ಹಲಗೆಯ ಕಡೆ ಎದ್ದೂ ಆಗಿತ್ತು. ಲೆನ್ಸು ಕೆಳಗಿಳಿದು ಅಕ್ಕನ ಕ್ಯಾಮೆರಾಕ್ಕೆ ಕೂತೂ ಆಗಿತ್ತು. ಆಗ ಭಾವ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲೆ ಇಟ್ಟರು.

“ಶೋರೂಮಿನಲ್ಲೂ ವಿಚಾರಿಸಿದ್ದೆ. ಅವರೂ ಇಷ್ಟುದ್ದದ್ದೇ ಬೇಕು ಅಂದ್ರು. ಬರೆದೇ ಕೊಟ್ಟಿದ್ದಾರೆ.”

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ? ಮೂವತ್ತು ವರ್ಷ ಲೆನ್ಸಿನ ಕರುಳು ಬಿಚ್ಚಿ ಜೋಡಿಸಿದ ಮೈದುನ ಇಲ್ಲಿ ಕೂತಿದ್ದಾನೆ. ಇವರು ಹೋಗಿ ಕೇಳಿದ್ದು, ಟೈ ಕಟ್ಟಿಕೊಂಡು ಗಾಜಿನ ಪೆಟ್ಟಿಗೆಯ ಹಿಂದೆ ನಿಂತವನನ್ನು! ಅವನ ಕಿವಿ ಬಿಸಿಯಾಯಿತು.

“ಹಾಗಾದ್ರೆ ಅಲ್ಲೇ ತಗೊಳ್ಳಿ ಭಾವ. ನಮ್ಮಂಥ ಮೆಟ್ಟಿಲ ಕೆಳಗಿನವರ ಹತ್ರ ಯಾಕೆ ಬಂದ್ರಿ?”

“ಅಯ್ಯೋ, ಸುಮ್ನೆ ಕೇಳಿದ್ದು ಕಣೋ” ಎಂದಳು ಅಕ್ಕ.

“ಆಯ್ತು, ಸುಮ್ನೆ ಕೊಡ್ತೀನಿ. ಪರೀಕ್ಷೆ ಪಾಸು ಮಾಡು.”

ಅವನದೊಂದು ಕಟ್ಟಳೆ ಇತ್ತು. ಮದುವೆ ಫೋಟೊ ತೆಗೆಯುವವನೊಬ್ಬ ಲೆನ್ಸು ಎರವಲು ಒಯ್ದು, ಫೋಕಸ್ ಮಾಡುವ ಬಳೆ ತಿರುಚಿ ಒಳಗಿನ ಹಲ್ಲು ಮುರಿದು ತಂದ ದಿನದಿಂದ ಮಾಡಿಕೊಂಡದ್ದು. ಯಾರೇ ಲೆನ್ಸು ಒಯ್ಯಲಿ, ಮೊದಲು ಎದುರು ಸಾಲಿನ ಬೀಗದ ಕೈ ಮಾಡುವವನ ಬೋರ್ಡಿನ ಮೇಲಿನ ಫೋನ್ ನಂಬರನ್ನು ಕೈಯಿಂದಲೇ ಫೋಕಸ್ ಮಾಡಿ ತೋರಿಸಬೇಕು. ತೋರಿಸಿದರೆ ಲೆನ್ಸು, ಇಲ್ಲದಿದ್ದರೆ ನಮಸ್ಕಾರ. ದೊಡ್ಡ ದೊಡ್ಡವರೂ ಅವನ ಸ್ಟೂಲಿನ ಮೇಲೆ ಕೂತು ಪರೀಕ್ಷೆ ಕೊಟ್ಟಿದ್ದರು.

ಅಕ್ಕ ಕ್ಯಾಮೆರಾ ಎತ್ತಿದಳು. ಬಳೆ ತಿರುಗಿಸಿದಳು. ಅಂಕಿಗಳು ಸ್ಪಷ್ಟವಾಗುವ ಜಾಗ ಬಂತು, ದಾಟಿಹೋಯಿತು. ಮತ್ತೆ ಹಿಂದಕ್ಕೆ ತಿರುಗಿಸಿದಳು, ಮತ್ತೆ ದಾಟಿತು. ಮುಖವನ್ನು ಪಕ್ಕಕ್ಕೆ ಓರೆ ಮಾಡಿ ಕಣ್ಣಿನ ಮೂಲೆಯಿಂದ ಇಣುಕಿದಳು.

“ನೇರ ನೋಡು! ಕಳ್ಳರ ಹಾಗೆ ಓರೆಗಣ್ಣಲ್ಲಿ ಏನು ನೋಡ್ತೀಯ?”

“ನೋಡ್ತಾ ಇದ್ದೀನಿ ಕಣೋ.”

“ಏನು ನೋಡ್ತಿದ್ದೀಯ, ಬಾವಿ ರಾಟೆ ತಿರುಗಿಸಿದ ಹಾಗೆ ತಿರುಗಿಸ್ತಾ ಇದ್ದೀಯ.”

“ಇದರಲ್ಲಿ ಒಂದು ಸ್ವಿಚ್ ಇದೆಯಂತಲ್ಲ? ಅದನ್ನ ಒತ್ತಿದ್ರೆ ತಾನೇ ಮಾಡ್ಕೊಳ್ಳುತ್ತಂತೆ.”

“ಯಾರು ಹೇಳಿದ್ದು?”

ಅಕ್ಕ ಹೇಳಬೇಕಾಗಿಯೇ ಇರಲಿಲ್ಲ, ಚೀಟಿ ಮೇಜಿನ ಮೇಲೆಯೇ ಇತ್ತು. ಸ್ವಿಚ್ ಇದ್ದದ್ದು ನಿಜ, ಅದನ್ನು ರಿಪೇರಿ ಮಾಡಿದವನೂ ಅವನೇ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅವನ ಹಳೆಯ ಚಾಳಿ. ಟೈ ಕಟ್ಟಿದವನಿಗೆ ಬೀಳಬೇಕಾದ ಏಟು ಅಕ್ಕನಿಗೆ ಬಿತ್ತು.

“ಕೈಯಲ್ಲಿ ಆಗದವರಿಗೆ ಸ್ವಿಚ್ಚು. ಅಂಥವರಿಗೆ ನನ್ನ ಲೆನ್ಸೂ ಇಲ್ಲ. ನಾಲ್ಕು ಜನರ ಮುಂದೆ ಕುತ್ತಿಗೆಗೆ ತೂಗಿಹಾಕಿಕೊಂಡು ಮೆರೆಯೋಕೆ ಬೇಕಾ ನಿನಗೆ? ತಗೋ ಇದನ್ನ.” ಖಾನೆಯಿಂದ ಅಂಗೈಯಷ್ಟು ಪುಟ್ಟ ಲೆನ್ಸು ತೆಗೆದು ಅವಳ ಮಡಿಲಿಗೆ ಹಾಕಿದ. “ಹಗುರ ಇದೆ, ಒಳ್ಳೇ ಗಾಜು. ಹತ್ತಿರದ್ದು ಬೇಕಿದ್ರೆ ಹತ್ತಿರ ಹೋಗಿ ತೆಗಿ, ಕಾಲಿಲ್ವಾ?”

ಭಾವ ಬಾಯಿ ತೆರೆದರು. ಅಕ್ಕ ಅವರ ತೋಳು ಚಿವುಟಿದಳು. ತೆರೆದ ಬಾಯಿ ಮುಚ್ಚಿತು. ಚಿವುಟಿದ್ದು ಅವನಿಗೆ ಕಾಣಿಸಿತು. ಗಂಡಹೆಂಡತಿ ಸೇರಿ ತನ್ನನ್ನು ನೋಡಿ ನಗುತ್ತಿದ್ದಾರೆ ಎಂದುಕೊಂಡ. ಅಕ್ಕ ಅವನ ಮುಖವನ್ನು ಬಿಟ್ಟು ಕಿವಿಯ ಪಕ್ಕ ಎಲ್ಲೋ ನೋಡುತ್ತ, “ಆಯ್ತು ಬಿಡೋ. ಇದೂ ಚೆನ್ನಾಗೇ ಇದೆ” ಎಂದಳು. ಮುಖ ಕೊಟ್ಟು ಮಾತಾಡಲೂ ಅಹಂಕಾರ ಅಂದುಕೊಂಡ ಅವನು.

ಬೇರೆ ಕಡೆ ಬಾಡಿಗೆಗೆ ತರೋಣ ಎಂದು ಭಾವ ದಾರಿಯಲ್ಲಿ ಹೇಳಿದರಂತೆ. “ತಮ್ಮ ಇಲ್ಲ ಅಂದದ್ದನ್ನ ಬೀದಿಯಲ್ಲಿ ಬೇಡೋದು ಬೇಡ” ಎಂದಳಂತೆ ಅಕ್ಕ. ಅವಳಿಗೂ ಅದೇ ರಕ್ತ ಅಲ್ಲವೇ, ಉರಿಯುವ ರೀತಿ ಮಾತ್ರ ಬೇರೆ.

ಅವರು ಹಿಂತಿರುಗಿದ ಮೂರನೆಯ ದಿನ ಅವನು ಅಕ್ಕನ ಮನೆಗೆ ಹೋದ. ಸಿಟ್ಟು ಆಗಲೇ ಮರೆತುಹೋಗಿತ್ತು; ಅವನ ಸಿಟ್ಟು ಹಾಗೆಯೇ, ಅವನು ಮರೆಯುತ್ತಾನೆ, ಏಟು ತಿಂದವರು ಮರೆಯುವುದಿಲ್ಲ. ಬಾಗಿಲು ತೆರೆದೇ ಇತ್ತು. ಟಿವಿಯಲ್ಲಿ ಬಂಡೆ ಇತ್ತು. ಬಂಡೆ ಅಂದರೆ, ಹೆಬ್ಬೆರಳುದ್ದದ ಕಪ್ಪು ಕಲ್ಲಿಗೆ ಯಾರೋ ಸುಣ್ಣದ ನೀರು ಚಿಮುಕಿಸಿದ ಹಾಗೆ. ಭಾವ ರಿಮೋಟು ಒತ್ತಿ ದೊಡ್ಡದು ಮಾಡಿದರು. ಸುಣ್ಣದ ಚುಕ್ಕೆಗಳು ಚೌಕ ಚೌಕವಾಗಿ ಒಡೆದವು. ಅಕ್ಕ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನೆಲದ ಮೇಲೆ ಕೂತಿದ್ದಳು, ಕತ್ತು ಓರೆ ಮಾಡಿಕೊಂಡು.

“ಇದು ಹಕ್ಕಿನಾ?” ಎಂದಳು.

“ಹಕ್ಕಿನೇ ಇರಬೇಕು” ಎಂದರು ಭಾವ.

“ತಲೆ ಯಾವ ಕಡೆ?”

ಭಾವ ಇನ್ನೊಂದು ಸಲ ರಿಮೋಟು ಒತ್ತಿದರು. ಇವನಿಗೆ ಬಾಗಿಲಲ್ಲೇ ನಗು. “ಟಿವಿ ಒಳಗೇ ಹೋಗ್ತೀಯೇನೇ ಅಕ್ಕ? ಅಲ್ಲಿಗೆ ಹೋದ್ರೂ ಹತ್ತಿರ ಹೋಗದೆ ತೆಗೆದ್ರೆ ಹೀಗೇ ಆಗೋದು.”

ಆಗ ಭಾವ ರಿಮೋಟನ್ನು ಕೆಳಗಿಟ್ಟರು. ಮೀಟರಿನ ಅಂಕಿ ಓದಿದ ಹಾಗೆ, ಏರಿಳಿತವಿಲ್ಲದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು. ಪರದೆ ಸವೆಯುವುದು, ಒಂದು ವರ್ಷ, ಅದರಲ್ಲಿ ಐದು ತಿಂಗಳು ಆಗಲೇ ಕಳೆದದ್ದು. ಅಕ್ಕ ತಿರುಗಿಯೂ ನೋಡಲಿಲ್ಲ, “ಈಗ ಯಾಕೆ ಹೇಳಿದ್ರಿ?” ಎಂದಳು ಅಷ್ಟೇ.

ಮೂವತ್ತು ವರ್ಷ ಗಾಜಿನೊಳಗಿನ ಬೂಷ್ಟು ಹುಡುಕಿದವನು ಅವನು. ಅಕ್ಕ ತನ್ನ ಕಣ್ಣೆದುರೇ, ತನ್ನ ಸ್ಟೂಲಿನ ಮೇಲೆಯೇ ಕೂತು, ಬಳೆಯನ್ನು ಎರಡು ಸಲ ಸರಿಯಾದ ಜಾಗ ದಾಟಿಸಿದ್ದಳು. ಬೇರೆ ಯಾವ ಗಿರಾಕಿ ಹಾಗೆ ಮಾಡಿದ್ದರೂ ‘ಹೋಗಿ ಮೊದಲು ಕಣ್ಣು ತೋರಿಸ್ಕೊಳ್ಳಿ’ ಅಂತ ಅವನೇ ಹೇಳುತ್ತಿದ್ದ. ಇಬ್ಬರಿಗೆ ಹೇಳಿಯೂ ಇದ್ದ, ಅವರು ಕನ್ನಡಕ ಹಾಕಿಕೊಂಡು ಬಂದು ಥ್ಯಾಂಕ್ಸ್ ಹೇಳಿದ್ದರು.

ಅವನು ಮಾಡಿದ್ದೇನು? ಭಾವನ ಮೇಲೆ ಎಗರಿದ. “ಬಾಯಿಗೆ ಬೀಗ ಹಾಕಿಕೊಂಡಿದ್ರಾ? ನಾನೇನು ಹೊರಗಿನವನಾ? ಮನುಷ್ಯರಾ ನೀವು?” ಎಂದು ಕೂಗಿ, ಬಾಗಿಲು ಬಡಿದು ಹೊರಗೆ ನಡೆದ. ಬೀದಿಯ ತಿರುವಿಗೆ ಬಂದಾಗ ಕಾಲು ಸುಟ್ಟಿತು. ಚಪ್ಪಲಿ ಅಲ್ಲೇ ಬಿಟ್ಟು ಬಂದಿದ್ದ. ವಾಪಸು ಹೋದರೆ ಅಕ್ಕ ಚಪ್ಪಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಇದಕ್ಕೇ ನಿನಗೆ ಹೇಳಲಿಲ್ಲ” ಎಂದಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಕ್ಕ ಭಾವ ಹೋದದ್ದೇ ಹಕ್ಕಿಗಳ ಕಾಲದ ಕೊನೆಗೆ, ಈಗ ಅದು ಆ ವರ್ಷಕ್ಕೆ ಮುಗಿದಿತ್ತು. ಮರಿಗಳು ಹಾರುವಷ್ಟಾದ ಮೇಲೆ ಬಂಡೆ ಖಾಲಿ, ಮತ್ತೆ ಕೂರುವುದು ಬರುವ ವರ್ಷವೇ. ಅವನು ಉದ್ದ ಲೆನ್ಸು ಹೆಗಲಿಗೇರಿಸಿ ಕೆರೆ, ಉದ್ಯಾನ, ಕಸದ ತಿಪ್ಪೆ ಎಲ್ಲ ಅಲೆದ. ಬಕ, ಪಾರಿವಾಳ, ಕಾಗೆ, ಸಿಕ್ಕಿದ್ದೆಲ್ಲ ತೆಗೆದುಕೊಂಡು ಹೋಗಿ ಟಿವಿಯಲ್ಲಿ ಹಾಕಿದ. ಅಕ್ಕ ಸಮಾಧಾನದಿಂದ ನೋಡಿದಳು.

“ಕಾಗೆ ಮುಖ ನನಗೆ ಗೊತ್ತು ಕಣೋ” ಎಂದಳು ಕೊನೆಗೆ.

ಮರುವರ್ಷ ಅವನೇ ಹೊರಟ. ಅಂಗಡಿ ಮುಚ್ಚಿ, ಐವತ್ತಮೂರನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ. “ನನ್ನನ್ನ ಪಕ್ಕದ ಊರಿಗೂ ಕರ್ಕೊಂಡು ಹೋಗದವರು ಹಕ್ಕಿ ಮುಖ ನೋಡೋಕೆ ಸಮುದ್ರ ದಾಟ್ತಾರಂತೆ” ಎಂದಳು ಹೆಂಡತಿ, ಆದರೆ ಪೆಟ್ಟಿಗೆ ಅವಳೇ ತುಂಬಿದಳು. ಅಕ್ಕನನ್ನೂ ಕರೆದಿದ್ದ. “ಎಲ್ಲಿಗೆ ಹೋದ್ರೂ ನನಗೆ ಈಗ ಒಂದೇ” ಎಂದುಬಿಟ್ಟಳು. ದೋಣಿ ಅಲುಗಾಡುತ್ತಿತ್ತು, ಗಾಳಿ ಕೆನ್ನೆ ಕೊಯ್ಯುತ್ತಿತ್ತು. ಅವನು ಕಂಬಕ್ಕೆ ಬೆನ್ನು ಕೊಟ್ಟು ನಾನೂರು ಚಿತ್ರ ತೆಗೆದ. ಸ್ವಿಚ್ಚನ್ನೂ ಒತ್ತಿದ, ನಾಚಿಕೆ ಬಿಟ್ಟು.

ಬಂದವನೇ ಟಿವಿ ಹಚ್ಚಿದ. ಪರದೆಯ ತುಂಬ ಒಂದೇ ಹಕ್ಕಿ. ಅಕ್ಕ ಎಂದಿನ ಜಾಗದಲ್ಲಿ ಕೂತಳು. ಕತ್ತು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಆಮೇಲೆ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.

“ಬೆಳ್ಳಗೆ ಏನೋ ಇದೆ. ನೀನೇ ಹೇಳೋ. ಮುಖ ಹೇಗಿದೆ?”

“ಚೆನ್ನಾಗಿ ಬಂದಿದೆ ಅಕ್ಕ. ಪುಕ್ಕದ ಎಳೆ ಎಳೆ ಎಣಿಸಬಹುದು. ಮೂಲೆವರೆಗೂ ಶಾರ್ಪ್ ಇದೆ.”

“ಅದಲ್ಲವೋ. ಮುಖ. ಸಿಡುಕಿನದೋ, ಸಾಧುವೋ?”

ಅವನು ಪರದೆಯನ್ನು ನೋಡಿದ. ದೋಣಿಯಲ್ಲಿ ಆ ಹಕ್ಕಿ ತನ್ನನ್ನೇ ನೋಡುತ್ತಿದ್ದಾಗ ಅವನು ನೋಡಿದ್ದು ಪುಕ್ಕದ ಅಂಚು ಮಸುಕಾಗುತ್ತಿದೆಯೋ ಇಲ್ಲವೋ ಎಂದು. ಈಗಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ಕೊಕ್ಕು ಉದ್ದ. ಕಣ್ಣು… ಕಣ್ಣು ಗುಂಡಗಿದೆ.”

“ಎಲ್ಲ ಹಕ್ಕಿಗೂ ಕಣ್ಣು ಗುಂಡಗೇ ಕಣೋ. ರಿಪೇರಿ ಚೀಟಿ ಬರೆದ ಹಾಗೆ ಹೇಳ್ತೀಯಲ್ಲ.”

ಭಾವ ಮೆಲ್ಲಗೆ ನಕ್ಕರು. “ನೀವು ನಗಬೇಡಿ ಭಾವ! ನೀವು ಅವತ್ತೇ ಬಾಯಿ ಬಿಟ್ಟಿದ್ರೆ…” ಎಂದು ಅವನು ಎದ್ದೇಬಿಟ್ಟ.

“ಅವರ ಜೊತೆ ಆಮೇಲೆ ಜಗಳ ಆಡು” ಎಂದಳು ಅಕ್ಕ. “ಮೊದಲು ನನಗೆ ಹೇಳು.”

ತಪ್ಪು ನನ್ನದು ಅಕ್ಕ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಬಾಯಿಂದ ಬಂದದ್ದು, “ನಾಳೆ ಹೇಳ್ತೀನಿ, ಸರಿಯಾಗಿ ನೋಡ್ಕೊಂಡು.”

ಆ ನಾಳೆಗೆ ಈಗ ಎರಡು ವರ್ಷ. ಹೋದಾಗಲೆಲ್ಲ ಅಕ್ಕ ಮೊದಮೊದಲು, “ನಂದೊಂದು ಬಾಕಿ ಇದೆಯಲ್ಲೋ” ಅನ್ನುತ್ತಿದ್ದಳು. ಅವನು ಸೆಖೆಯ ಮಾತಾಡಿ, ಬೆಲೆ ಏರಿದ ಮಾತಾಡಿ, ಭಾವನಿಗೆ ಒಂದೆರಡು ಬೈದು ಎದ್ದು ಬರುತ್ತಿದ್ದ. ಈಗೀಗ ಅವಳು ಕೇಳುವುದನ್ನು ಬಿಟ್ಟಿದ್ದಾಳೆ.